ಕಂಬದ ಕುಳಿಯಲ್ಲಿ ಮೊಟ್ಟೆ ಕಾದ ಮೀನು

ವಾಸ್ಕೊ

ಮೀನು ನೋಡಲು ಗೋವಾಕ್ಕೆ ಹೋಗುತ್ತೇನೆ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರೂ ನಂಬಲಿಲ್ಲ. "ನೋಡಾಕೋ, ತಿನ್ನಾಕೋ?" ಎಂದು ಕೆಮಿಸ್ಟ್ರಿಯ ಸರ್ ನಕ್ಕರು. ನಾನು ಹುಟ್ಟಿದಾಗಿನಿಂದ ಮೀನು ಮುಟ್ಟದವಳು, ಅಂದರೆ ತಟ್ಟೆಯಲ್ಲಿ. ವಿಜಯಪುರದ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಪ್ರಾಣಿಶಾಸ್ತ್ರ ಕಲಿಸುತ್ತಿರುವ ನನ್ನ ಕೈಗೆ ಬಂದ ಮೀನುಗಳೆಲ್ಲ ಫಾರ್ಮಾಲಿನ್ ಬಾಟಲಿಯವು. ಬೆಳ್ಳಗೆ ಬಿಳಿಚಿಕೊಂಡು, ಬಾಯಿ ತೆರೆದು, ನನ್ನನ್ನೇ ನೋಡುತ್ತ ಕೂತವು. ಕಲ್ಲುಬಂಡೆಯ ಕಡಲಂಚಿನಲ್ಲಿ ಬಾಳುವ ಮೀನಿನ ಬಗ್ಗೆ ಪಾಠ ಮಾಡುವಾಗ ಬೋರ್ಡಿನ ಮೇಲೆ ಚಿತ್ರ ಚಲೋ ಬಿಡಿಸುತ್ತಿದ್ದೆ. ಜೀವಂತ ನೋಡಿದ್ದಿಲ್ಲ.

ಕರೆದವಳು ಶಬಾನಾ. ಮೂರು ವರ್ಷ ನನ್ನ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತು, ನನ್ನ ಚಿತ್ರದಲ್ಲಿ ತಪ್ಪು ಹುಡುಕುತ್ತಿದ್ದ ಹುಡುಗಿ. ಅವಳ ತಂದೆ-ತಾಯಿ ದುಡಿಮೆಗೆಂದು ಮುದ್ದೇಬಿಹಾಳ ಕಡೆಯಿಂದ ಗೋವಾಕ್ಕೆ ಹೋಗಿ ಎಷ್ಟೋ ವರ್ಷವಾಗಿತ್ತು; ಅವಳು ಅಜ್ಜಿಯ ಮನೆಯಲ್ಲಿದ್ದು ನಮ್ಮಲ್ಲಿ ಡಿಗ್ರಿ ಮುಗಿಸಿದಳು. ಈಗ ಅಪ್ಪ-ಅಮ್ಮನ ಜೊತೆಗಿದ್ದು ಎಂ.ಎಸ್ಸಿ. ಓದುತ್ತಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಬೆರಳುದ್ದದ ಒಂದು ಕಲ್ಲುಮೀನು.

"ಮೇಡಂ, ಎಣಿಸಾಕ ಇನ್ನೊಬ್ರು ಬೇಕಾಗ್ಯಾರ್ರಿ," ಎಂದು ಫೋನಿನಲ್ಲಿ ಹೇಳಿದಳು. "ಸಮುದ್ರದಾಗ ಮಣ್ಣ ತಗದಾರ. ನನ್ನ ಮೀನ ಅದಾವೋ ಸತ್ತಾವೋ ಗೊತ್ತಿಲ್ಲ. ಅಮಾಸಿ ಆದಮ್ಯಾಲ ನೀರ ಭಾಳ ಇಳೀತದ. ಆವಾಗ ನೀವು ಬರ್ರಿ."

ಅವಳ ದನಿ ಯಾವತ್ತೂ ಹಾಗೆ ನಡುಗಿದ್ದಿಲ್ಲ. ನಾನು ರಜೆ ಬರೆದುಕೊಟ್ಟೆ.

ರೈಲು ವಾಸ್ಕೊ ಮುಟ್ಟಿದಾಗ ಮಧ್ಯಾಹ್ನ. ಊರು ನಿದ್ದೆಯಲ್ಲಿತ್ತು. ಇದು ನಾನು ಕಂಡ ಮೊದಲ ಗೋವಾ ಪದ್ಧತಿ: ಊಟವಾದ ಮೇಲೆ ಅಂಗಡಿಯವನು ಬಾಗಿಲೆಳೆದು ಮಲಗುತ್ತಾನೆ. ಗಿರಾಕಿ ಬಂದರೆ ಕಾಯಬೇಕು. ನಮ್ಮಲ್ಲಿ ಎಲ್.ಬಿ.ಎಸ್. ಮಾರ್ಕೆಟ್ಟಿನವರು ಹೀಗೆ ಮಾಡಿದರೆ ಗಿರಾಕಿ ಬಾಗಿಲು ಮುರಿದಾನು. ಹೊಸ ಕ್ಯಾನ್ವಾಸ್ ಬೂಟು ತೆಗೆದುಕೊಳ್ಳಬೇಕೆಂದು ಬಂದವಳು ಮುಚ್ಚಿದ ಶಟರಿನ ಮುಂದೆ ಒಂದು ತಾಸು ಬ್ಯಾಗಿನ ಮೇಲೆ ಕೂತೆ. ಕೊನೆಗೆ ತೆರೆದವನು ಆಕಳಿಸುತ್ತಲೇ ಒಂದು ಜೊತೆ ಕೊಟ್ಟ. ಶಬಾನಾಳ ಮನೆಗೆ ಹೋಗಿ ನೋಡಿದರೆ ಎರಡೂ ಎಡಗಾಲಿನವು.

ಝುವಾರಿನಗರ

ಬಸ್ಸಿನಲ್ಲಿ ನಾನು ಬಹಳ ತಯಾರಿ ಮಾಡಿಕೊಂಡ ಹಿಂದಿಯಲ್ಲಿ ಟಿಕೆಟ್ ಕೇಳಿದೆ. ಕಂಡಕ್ಟರ್ ನನ್ನ ಮುಖ ನೋಡಿ, "ಕುಂದರ್ರಿ ಅಕ್ಕಾರ, ಝುವಾರಿನಗರ ಬಂದಾಗ ಹೇಳ್ತೇನಿ," ಅಂದ. ಅಲ್ಲಿಂದ ಮುಂದೆ ನನಗೆ ಹಿಂದಿ ಬೇಕಾಗಲಿಲ್ಲ. ಗುಡ್ಡದ ಇಳಿಜಾರಿಗೆ ಒತ್ತೊತ್ತಾಗಿ ಅಂಟಿಕೊಂಡ ಮನೆಗಳು, ನಡುವೆ ಎರಡು ಜನ ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿ, ಪ್ರತಿ ಮೂರನೆಯ ಬಾಗಿಲಿನಿಂದ ರೊಟ್ಟಿ ಬಡಿಯುವ ಸದ್ದು. ಪರಊರಿಗೆ ಬಂದ ಹಾಗೆ ಅನಿಸಬೇಕಲ್ಲ, ಅನಿಸಲೇ ಇಲ್ಲ. ಗಾಳಿಯಲ್ಲಿ ಉಪ್ಪಿನ ಜಿಗುಟು ಒಂದು ಇರದಿದ್ದರೆ ತಾಳಿಕೋಟಿಯ ಯಾವುದೋ ಓಣಿ ಎಂದೇ ತಿಳಿಯುತ್ತಿದ್ದೆ.

ಶಬಾನಾಳ ತಾಯಿ ಮುಮ್ತಾಜ್ ನನಗಾಗಿ ಬೇರೆ ಗಡಿಗೆ, ಬೇರೆ ಒಲೆ ಇಟ್ಟಿದ್ದರು. "ಮೀನದ್ದ ಚಮಚಾ ಸೈತ ಇದಕ್ಕ ತಾಗಿಸಿಲ್ರಿ," ಎಂದು ಬದನೆಕಾಯಿ ಪಲ್ಯ ಬಡಿಸಿದರು. ಶಬಾನಾಳ ತಂದೆ ದಾದಾಪೀರ್ ಕೆಲಸದಿಂದ ಬಂದು ಕೈಕಾಲು ತೊಳೆದು, ಮಗಳ ಮೇಡಂ ಎಂಬ ಸಂಕೋಚದಲ್ಲಿ ಬಾಗಿಲ ಹೊರಗೇ ಕೂತರು. ಎತ್ತರದ, ತೆಳ್ಳಗಿನ ಮನುಷ್ಯ. ಕಿವಿ ಸ್ವಲ್ಪ ಮಂದ, ವರ್ಷಗಟ್ಟಲೆ ಕಲ್ಲು ಕೊರೆಯುವ ಮಷೀನು ಹಿಡಿದು ಆದದ್ದು.

"ಈಗ ಎಲ್ಲಿ ನಡದೈತ್ರಿ ಕೆಲಸ?" ಎಂದು ಸುಮ್ಮನೆ ಮಾತಿಗೆ ಕೇಳಿದೆ.

ಅವರು ಓಣಿಯ ಕಡೆ ಮುಖ ತಿರುಗಿಸಿದರು. ಶಬಾನಾ ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು: "ನನ್ನ ಮೀನ ಇರೋ ಕಿನಾರ್ಯಾಗರಿ ಮೇಡಂ. ಮೀನುಗಾರರ ದೋಣಿ ನಿಲ್ಲಾಕ ಧಕ್ಕೆ ಕಟ್ಟಾಕತ್ತಾರ. ಅಬ್ಬಾ ಅಲ್ಲೇ ಅದಾರ."

ಆಗ ಅರ್ಥವಾಯಿತು. ದೋಣಿ ಒಳಗೆ ಬರಲೆಂದು ಬಂಡೆಯ ಬುಡದ ಸಮುದ್ರತಳವನ್ನು ಅಗೆದು ಆಳ ಮಾಡಿದ್ದರು. ಅದು ಮುಗಿದು ಮೂರು ವಾರವಾಗಿತ್ತು. ಎದ್ದ ಕೆಸರು ಉಬ್ಬರದ ಜೊತೆ ಬಂದು ಬಂಡೆಯ ಮೇಲೆ ಕೂತಿತ್ತು. ಮಗಳು ಎಣಿಸುವ ಮೀನಿನ ಮೇಲೆ ಬಿದ್ದದ್ದು ಅಪ್ಪನ ಗುಂಪು ಎಬ್ಬಿಸಿದ ಕೆಸರು. ಅವತ್ತಿನಿಂದ ಆ ಮನೆಯಲ್ಲಿ ಅಪ್ಪ ಮಗಳು ಊಟದ ಹೊತ್ತಿಗೆ ಬಿಟ್ಟರೆ ಮಾತಾಡಿರಲಿಲ್ಲ. ಜಗಳವೇನೂ ಆಗಿರಲಿಲ್ಲ ಎಂದು ಮುಮ್ತಾಜ್ ಆಮೇಲೆ ನನಗೆ ಹೇಳಿದರು. "ಜಗಳ ಆಡಿದ್ರ ಚಲೋ ಇತ್ರಿ," ಅಂದರು.

ಮೊದಲ ದಿನ, ಬಂಡೆಯ ಮೇಲೆ

ಬೆಳಕು ಹರಿಯುವಾಗ ಸೈಕಲ್ಲಿನ ಬ್ರೆಡ್ಡಿನವನು ಪೊಂ ಪೊಂ ಎಂದು ಹಾರ್ನ್ ಒತ್ತುತ್ತ ಹೋದ. ಗೋವಾದ ಮುಂಜಾನೆಗೆ ಕೋಳಿ ಬೇಕಿಲ್ಲ. ನಾವಿಬ್ಬರೂ ಬಕೆಟ್ಟು, ಬ್ಯಾಟರಿ, ನೋಟ್‌ಬುಕ್ಕು ಹಿಡಿದು ಕಿನಾರೆಗೆ ನಡೆದೆವು. ಕಾಲಿಗೆ ಮುಮ್ತಾಜರ ಹಳೆಯ ರಬ್ಬರ್ ಚಪ್ಪಲಿ.

ಸಮುದ್ರ ಅಷ್ಟು ದೂರ ಹಿಂದೆ ಸರಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಕ್ಲಾಸಿನಲ್ಲಿ ಹೇಳಿದ್ದೆ. ಕಣ್ಣಾರೆ ಕಂಡಾಗ ನಿಂತುಬಿಟ್ಟೆ. ನೀರು ಇದ್ದ ಜಾಗದಲ್ಲಿ ಕೆಂಪು ಮುರಕಲ್ಲಿನ ಬಯಲು. ಅದರ ತುಂಬ ತೂತು, ಬಿರುಕು, ಕೊಳಗದಷ್ಟು, ಬೋಗುಣಿಯಷ್ಟು ಹೊಂಡಗಳು. ಹೊಂಡಹೊಂಡದಲ್ಲೂ ಸಮುದ್ರ ಬಿಟ್ಟುಹೋದ ನೀರು. ಕಲ್ಲುಮೀನಿನ ಸಂಸಾರ ಇಲ್ಲೇ.

ಮೇಲಿನ ಹೊಂಡದಲ್ಲಿ ಮೊದಲ ಮೀನು ಕಂಡಿತು. ಕಂದು ಬಣ್ಣ, ಮೊಂಡು ಮೂತಿ, ಕಣ್ಣಿನ ಮೇಲೆ ಹುಬ್ಬಿನಂತೆ ಎರಡು ಸಣ್ಣ ಕುಚ್ಚು. ಮೈಗೆ ಹುರುಪೆಯಿಲ್ಲ, ಬರೀ ಲೋಳೆ. ಆ ಲೋಳೆ ಒದ್ದೆ ಇರುವ ತನಕ ನೀರಿನ ಹೊರಗೂ ಉಸಿರಾಡಬಲ್ಲದು. ನಾನು ಬಗ್ಗಿದ್ದೇ ತಡ, ಬಾಲ ಬಾಗಿಸಿ ಕಲ್ಲಿಗೆ ಒದ್ದು ಛಂಗನೆ ಪಕ್ಕದ ಹೊಂಡಕ್ಕೆ ಹಾರಿತು. ಅಲ್ಲಿಂದ ಇನ್ನೊಂದಕ್ಕೆ. ಒಂದು ಸಲವೂ ಗುರಿ ತಪ್ಪಲಿಲ್ಲ. ನೀರು ತುಂಬಿದ್ದಾಗ ಬಂಡೆಯ ಮೇಲೆಲ್ಲ ಈಜಿ, ಯಾವ ಹೊಂಡ ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವ ಜಾತಿ ಮೀನುಗಳಿವೆ ಎಂದು ಪಾಠ ಹೇಳುತ್ತಿದ್ದೆನಲ್ಲ, ಆ ಪಾಠ ನನ್ನ ಕಾಲಡಿಯಲ್ಲಿ ನೆಗೆಯುತ್ತಿತ್ತು. ನಾನೂ ಅದರ ಹಿಂದೆ ಒಂದು ಹೆಜ್ಜೆ ಹಾರಿದೆ. ಹಾವಸೆಯ ಮೇಲೆ ಕಾಲಿಟ್ಟು ಸೊಂಟದವರೆಗೆ ಹೊಂಡದಲ್ಲಿ ಕೂತೆ.

"ಮೇಡಂ, ಪೆಟ್ಟಾತೇನ್ರಿ?"

"ನೋಟ್‌ಬುಕ್ ಒಣಗೇ ಐತಿ. ಬರಕೋ, ಒಂದು ಮೀನ, ಒಬ್ಬ ಮೇಡಂ."

ಅವಳು ನಕ್ಕಳು. ಆ ದಿನದ ನಗು ಅದೊಂದೇ.

ಕೆಳಗಿನ ನಾಲ್ಕು ಹೊಂಡಗಳು ಅವಳ ಪ್ರಾಜೆಕ್ಟಿನ ಜೀವ. ಮಣ್ಣು ತೆಗೆಯುವ ಮೊದಲೇ ಅಲ್ಲಿಯ ಮೀನುಗಳನ್ನು ಹಿಡಿದು, ಚರ್ಮದ ಅಡಿಯಲ್ಲಿ ಹೊಂಡಕ್ಕೊಂದು ಬಣ್ಣದಂತೆ ಸಾಸಿವೆಯಷ್ಟು ಚುಕ್ಕೆ ಇಟ್ಟು ಬಿಟ್ಟಿದ್ದಳು. ನಾವು ಹೋಗಿ ನೋಡಿದರೆ ಹೊಂಡಗಳೇ ಇರಲಿಲ್ಲ. ಬೂದುಬಣ್ಣದ ನಯವಾದ ರಾಡಿ, ಗೋಡೆಗೆ ಗಿಲಾವು ಮಾಡಿದಂತೆ, ಬಿರುಕು ಬಿರುಕಿನೊಳಗೂ ತುಂಬಿತ್ತು. ನಾನು ಕೈ ಹಾಕಿದೆ, ಮೊಣಕೈವರೆಗೆ ಇಳಿಯಿತು. ಆ ಮೀನು ಬಾಚಣಿಗೆಯಂಥ ಹಲ್ಲಿನಿಂದ ಕೆರೆದು ತಿನ್ನುವ ಹಸಿರು ಪದರ ಎಲ್ಲೂ ಕಾಣಲಿಲ್ಲ. ಎರಡು ತಾಸು ಹುಡುಕಿದೆವು. ಸೊನ್ನೆ. ನಾಲ್ಕೂ ಹೊಂಡದಲ್ಲಿ ಸೊನ್ನೆ.

ನೀರು ತಿರುಗಿ ಬರತೊಡಗಿದಾಗ ಶಬಾನಾ ಬಂಡೆಯ ಮೇಲೆ ಕೂತುಬಿಟ್ಟಳು. "ಗೈಡ್ ಮೊದಲ ಹೇಳ್ಯಾರ್ರಿ, ಮೀನ ಇಲ್ಲಂದ್ರ ಬ್ಯಾರೆ ವಿಷಯ ತಗೋ ಅಂತ. ನಾಕ ತಿಂಗಳದ್ದ ಕೆಲಸ ನೀರಾಗ ಹೋತ್ರಿ."

"ಸೊನ್ನೀನೂ ಲೆಕ್ಕಾನ ಶಬಾನಾ. ಕಂಡದ್ದ ಬರಿ."

"ಬರಿಯಾಕ ಏನೂ ಇಲ್ರಿ. ಯಾರ ತಗದದ್ದ ಮಣ್ಣ ಅಂತ ಬರೀಲೇನು?"

ನಾನು ಬಕೆಟ್ಟಿನಲ್ಲಿ ಕೈಯ ರಾಡಿ ತೊಳೆದೆ. ಮೀನಿನ ವಿಷಯದಲ್ಲಾದರೂ ನನಗೆ ಧೈರ್ಯವಿತ್ತು. ಈ ಕಿನಾರೆ ಪ್ರತಿ ವರ್ಷ ನಾಲ್ಕು ತಿಂಗಳು ಮಳೆಗಾಲದ ಅಲೆಗೆ ಮೈಕೊಡುತ್ತದೆ. ಮರಳು ಬರುತ್ತದೆ, ಹೋಗುತ್ತದೆ, ಕಲ್ಲು ಉರುಳುತ್ತವೆ. ಅದನ್ನೆಲ್ಲ ಕಂಡ ಮೀನು ಮೂರು ವಾರದ ಕೆಸರಿಗೆ ಕುಲವೆಲ್ಲ ಸಾಯುವುದುಂಟೆ? ಎಲ್ಲೋ ಇದೆ. ನಾವು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇವೆ.

ಎರಡನೆಯ ದಿನ, ದಾದಾಪೀರರ ಜೊತೆ

ಮರುದಿನ ರವಿವಾರ, ಕೆಲಸಕ್ಕೆ ಸೂಟಿ. ನಾವು ಹೊರಟಾಗ ದಾದಾಪೀರ್ ಹಿಂದೆಯೇ ಬಂದರು. ಮಗಳಿಂದ ಇಪ್ಪತ್ತು ಹೆಜ್ಜೆ ದೂರ ಇಟ್ಟುಕೊಂಡೇ ನಡೆದರು. ಕಿನಾರೆಯಲ್ಲಿ ಅವಳು ಕೆಳಗಿನ ಹೊಂಡಕ್ಕೆ ಇಳಿದಾಗ ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು.

"ಅಕ್ಕಾರ, ಆ ಮೀನ ಹ್ಯಾಂಗ ಇರ್ತದ್ರಿ?"

ಮಗಳು ನಾಲ್ಕು ತಿಂಗಳು ಎಣಿಸಿದ ಮೀನನ್ನು ಅವರು ನೋಡಿರಲಿಲ್ಲ. ನಾನು ಒದ್ದೆ ಮರಳಿನ ಮೇಲೆ ಬೆರಳಿನಿಂದ ಬಿಡಿಸಿ ತೋರಿಸಿದೆ. ಕುಚ್ಚು ಹುಬ್ಬು ಬಿಡಿಸಿದ ಕೂಡಲೇ ಅವರು, "ಅಯ್ಯ, ಇದ?" ಅಂದರು. "ಇವು ನಮ್ಮ ತೂತನ್ಯಾಗ ಅದಾವಲ್ರಿ."

"ಯಾವ ತೂತರಿ?"

"ಕಂಬದ ತೂತ. ನಾ ಕೊರದದ್ದು."

ಬಂಡೆಯ ಮೇಲ್ಭಾಗದಲ್ಲಿ, ಉಬ್ಬರದ ನೀರು ಮುಟ್ಟುವ ಕಡೆ, ದೋಣಿಯ ಹಗ್ಗ ಕಟ್ಟಲು ಸಾಲಾಗಿ ಕಬ್ಬಿಣದ ಕಂಬ ನಿಲ್ಲಿಸುವುದಿತ್ತು. ಅದಕ್ಕೆ ದಾದಾಪೀರ್ ಎರಡು ವಾರದ ಹಿಂದೆ ಹನ್ನೊಂದು ಕುಳಿ ಕೊರೆದಿದ್ದರು. ಮುಷ್ಟಿ ಹೋಗುವಷ್ಟು ಅಗಲ, ಮೊಣಕೈಯಷ್ಟು ಆಳ. ಕಂಬಗಳು ಕುಂಕಳ್ಳಿಯ ಕಾರ್ಖಾನೆಯಿಂದ ಬರಬೇಕಾಗಿದ್ದರಿಂದ ಕುಳಿಗಳು ಹಾಗೇ ಬಾಯಿ ತೆರೆದು ಕೂತಿದ್ದವು.

ನಾನು ಹೊಟ್ಟೆಯ ಮೇಲೆ ಮಲಗಿ ಬ್ಯಾಟರಿ ಬಿಟ್ಟೆ. ಐವತ್ತರ ಹೆಂಗಸು ಸೀರೆ ಉಟ್ಟು ಬಂಡೆಯ ಮೇಲೆ ಬೋರಲು ಮಲಗಿದ್ದನ್ನು ಕಂಡು ಮರಳಿನಲ್ಲಿ ಜಾಗಿಂಗ್ ಮಾಡುತ್ತಿದ್ದ ವಿದೇಶಿಯೊಬ್ಬರು ಓಡಿಬಂದು ನೀರಿನ ಬಾಟಲಿ ಚಾಚಿದರು. ನಾನು ಚೆನ್ನಾಗಿದ್ದೇನೆಂದು ಕೈಯಾಡಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ, ಬಾಟಲಿ ಪಕ್ಕದಲ್ಲಿಟ್ಟೇ ಹೋದರು.

ಮೊದಲ ಕುಳಿಯಲ್ಲಿ ಒಂದು ಮೀನು. ಎರಡನೆಯದು ಖಾಲಿ. ಮೂರನೆಯದರಲ್ಲಿ ಎರಡು. ನಾಲ್ಕನೆಯದರಲ್ಲಿ ಒಂದೇ ಒಂದು, ತಲೆ ಮೇಲೆ ಮಾಡಿ, ಬೆಳಕು ಬಿದ್ದರೂ ಕದಲದೆ ಕೂತಿತ್ತು. ಬಲಗಡೆ, ಬೆನ್ನಿನ ರೆಕ್ಕೆಯ ಬುಡದಲ್ಲಿ ಕೇಸರಿ ಚುಕ್ಕೆ.

"ಶಬಾನಾ!" ಎಂದು ಕಿರುಚಿದೆ. ನನ್ನ ದನಿ ಕಾರವಾರ ಮುಟ್ಟಿರಬೇಕು.

ಅವಳು ರಾಡಿಗಾಲಿನಲ್ಲೇ ಓಡಿಬಂದಳು, ಮಲಗಿದಳು, ನೋಡಿದಳು. ಬಹಳ ಹೊತ್ತು ಏಳಲಿಲ್ಲ. "ಮೂರನೇ ಹೊಂಡದ್ದು ಮೇಡಂ. ಕೇಸರಿ ಅಂದ್ರ ಮೂರನೇದು." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಮೇಡಂ, ಗ್ವಾಡಿ ನೋಡ್ರಿ."

ಕುಳಿಯ ಒಳಗೋಡೆಗೆ ರಾಗಿಕಾಳು ಅಂಟಿಸಿದಂತೆ ಒಂದೇ ಪದರದಲ್ಲಿ ಮೊಟ್ಟೆ. ಈ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ, ಕಾಯುವುದು ಗಂಡು. ಊಟ ಬಿಟ್ಟಂತೆಯೇ ಸರಿ, ರೆಕ್ಕೆಯಿಂದ ಗಾಳಿ ಬೀಸಿದ ಹಾಗೆ ನೀರು ಬೀಸಿ, ಕೂತ ಕೆಸರನ್ನು ಕೊಡವಿ, ಮೊಟ್ಟೆ ಕೆಡದಂತೆ ಮೈಯಿಂದ ಒರೆಸುತ್ತದೆ. ನಮ್ಮ ಕಣ್ಣೆದುರೇ ಅದು ಬಾಲ ಅಲ್ಲಾಡಿಸಿತು, ಕುಳಿಯ ಬಾಯಿಂದ ಬೂದುಬಣ್ಣದ ಒಂದು ಸಣ್ಣ ಮೋಡ ಹೊರಬಂತು.

ಹನ್ನೊಂದರಲ್ಲಿ ಆರು ಕುಳಿಯಲ್ಲಿ ಮೀನಿದ್ದವು. ಚುಕ್ಕೆಯವು ನಾಲ್ಕು. ಕೆಸರು ಬಂದಾಗ ಅವು ಮೇಲೆ ಹತ್ತಿ ಬಂದು, ಆಮೇಲೆ ಕೊರೆದ ಕುಳಿಗಳಲ್ಲಿ ಸಿಕ್ಕದ್ದನ್ನು ಹಿಡಿದಿದ್ದವು. ಚುಕ್ಕೆ ಇಟ್ಟ ಉಳಿದ ಮೀನು ಸತ್ತವೋ, ಬೇರೆಲ್ಲಿ ಹೋದವೋ ನಮಗೆ ಗೊತ್ತಾಗಲಿಲ್ಲ. ಗೊತ್ತಿಲ್ಲವೆಂದೇ ಬರೆದೆವು.

ನನಗೆ ಉಪದೇಶದ ಚಾಳಿ. "ನೋಡು, ಊರ ಬಿಟ್ಟ ಬಂದವರು ಹ್ಯಾಂಗ ಎಲ್ಲಾರ ಒಂದ ನೆಲಿ..." ಎಂದು ಶುರುಮಾಡಿದೆ.

"ಮೇಡಂ, ನಮ್ಮನ್ನ ಮೀನಿಗಿ ಹೋಲಿಸಬ್ಯಾಡ್ರಿ," ಎಂದಳು ಶಬಾನಾ. "ಮೀನ ಮೀನ ಇರ್ಲಿ." ಮೊದಲ ಬೆಂಚಿನ ಅದೇ ಹುಡುಗಿ.

ದಾದಾಪೀರ್ ಇನ್ನೂ ನಾಲ್ಕನೆಯ ಕುಳಿಯ ಬಳಿ ಮೊಣಕಾಲೂರಿ ಕೂತಿದ್ದರು. ಎದ್ದಾಗ ಅವರ ಮುಖ ಸಪ್ಪಗಿತ್ತು. "ಕಂಬ ನಾಳಿ ಬರ್ತಾವು," ಅಂದರು.

ಮೂರನೆಯ ದಿನ, ಸಾಂತಾನ್

ಕಂಬಗಳು ಬಂದವು, ಜೊತೆಗೆ ಸಾಂತಾನ್ ಬಂದರು. ಕೆಲಸದ ಮೇಲ್ವಿಚಾರಕ, ಅರವತ್ತು ದಾಟಿದ ಗೋವಾದ ಮನುಷ್ಯ, ದುಂಡು ಹೊಟ್ಟೆ, ಕೊರಳಲ್ಲಿ ಶಿಲುಬೆ. ಕೊಂಕಣಿ, ಹಿಂದಿ, ನಮ್ಮ ಕಡೆಯ ಕೂಲಿಗಳಿಂದ ಕಲಿತ ಕನ್ನಡ, ಮೂರನ್ನೂ ಒಂದೇ ಬೋಗುಣಿಯಲ್ಲಿ ಕಲಸಿ ಮಾತಾಡುತ್ತಿದ್ದರು. ನಾವು ಕುಳಿಯಲ್ಲಿ ಮೀನಿದೆ ಎಂದಾಗ ಬಗ್ಗಿ ನೋಡಿ, "ಹೆಂ ನುಸ್ತೆಂ ಖಾತಾತ್?" ಎಂದು ಕೇಳಿದರು. ಈ ಮೀನು ತಿನ್ನುತ್ತಾರಾ ಎಂದು.

ಇಲ್ಲ ಎಂದೆ.

"ತಿನ್ನಾಕ ಬರಲ್ಲ, ಮತ್ತ ಯಾಕೆ ಮೇಡಂ?" ಗೋವಾದವರಿಗೆ ಮೀನು ದೇವರ ನಂತರದ ವಿಷಯ, ಆದರೆ ತಿನ್ನಲು ಬರದ ಮೀನಿಗೆ ಇಲ್ಲಿ ಹೆಸರೂ ಇಟ್ಟಿಲ್ಲ. ನಾನು ಕೇಳಿದವರೆಲ್ಲ "ಅದಾ? ಸುಮ್ನೆ ಕಲ್ಲಿನದು" ಎಂದು ಕೈ ಝಾಡಿಸಿದ್ದರು.

ನಾನು ಪೂರಾ ಪಾಠ ಮಾಡಿದೆ. ಮೊಟ್ಟೆಯೊಳಗೆ ಬೆಳ್ಳಿಯ ಚುಕ್ಕೆಯಂತೆ ಮರಿಗಳ ಕಣ್ಣು ಕಾಣುತ್ತಿವೆ, ಅಂದರೆ ದಿನ ತುಂಬುತ್ತ ಬಂದಿವೆ. ಒಡೆದ ಮರಿಗಳು ನೀರಿನ ಜೊತೆ ಸಮುದ್ರಕ್ಕೆ ಹೋಗಿ, ಕೆಲವು ವಾರ ತೇಲಿ, ಮತ್ತೆ ಯಾವುದಾದರೂ ಬಂಡೆಗೆ ಬಂದು ನೆಲೆಸುತ್ತವೆ. ಅಗೆತದಿಂದ ಬರಿದಾದ ಹೊಂಡ ಮತ್ತೆ ತುಂಬುವುದು ಹೀಗೆ. "ಎರಡು ದಿನ ಕೊಡ್ರಿ. ಬುಧವಾರ ಮುಂಜಾನಿ ಅಷ್ಟೊತ್ತಿಗೆ ಖಾಲಿ ಆಗ್ತದ," ಎಂದು ಗಟ್ಟಿಯಾಗಿ ಹೇಳಿದೆ.

ಸಾಂತಾನ್ ತಲೆಯಾಡಿಸಿದರು. ಆಗುವುದಿಲ್ಲ ಎಂಬ ಆಡಿಸುವಿಕೆ. ಕಂಬ ತಡವಾಗಿ ಬಂದು ಕೆಲಸ ಮೊದಲೇ ಹಿಂದೆ ಬಿದ್ದಿತ್ತು. ಮೀನುಗಾರರು ದಿನವೂ ಬಂದು ಕೇಳುತ್ತಿದ್ದರು. ಅದೂ ನ್ಯಾಯವೇ. ದೋಣಿಯನ್ನು ಅಲೆಯಲ್ಲಿ ಎಳೆದು ಹತ್ತಿಸುವಾಗ ಕಾಲು ಮುರಿದುಕೊಂಡ ಒಬ್ಬರನ್ನು ನಾನೇ ಕಂಡಿದ್ದೆ.

ಆಗ ದಾದಾಪೀರ್ ಮುಂದೆ ಬಂದರು. ದಿನಗೂಲಿಯ ಮನುಷ್ಯ ಮೇಲ್ವಿಚಾರಕನ ಮಾತಿಗೆ ಅಡ್ಡ ಬರುವುದು ಅಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೂಲಿಗಳು ಗುದ್ದಲಿ ನೆಲಕ್ಕಿಟ್ಟು ನೋಡಿದರು.

"ಸಾಬ, ಕೆಲಸ ನಿಲ್ಲಸಬ್ಯಾಡ್ರಿ. ಆ ಕಡಿಂದ ಶುರು ಮಾಡ್ತೀನಿ, ಹನ್ನೊಂದನೇದ್ರಿಂದ. ಇವು ಕಡೀಕ ಬರ್ತಾವ. ಬುಧವಾರ ತನಕ ಅಲ್ಲೇ ಕೆಲಸ ಐತಿ."

"ನಿನಗೆ ಏನು ದಾದಾ? ಮೀನು ನಿಂದಾ?"

"ನನ್ನ ಮಗಳ ಲೆಕ್ಕರಿ ಅದು."

ಶಬಾನಾ ತಲೆ ತಗ್ಗಿಸಿ ನೋಟ್‌ಬುಕ್ಕಿನ ಪುಟ ತಿರುವುತ್ತಿದ್ದಳು, ಖಾಲಿ ಪುಟಗಳನ್ನೇ.

ಸಾಂತಾನ್ ಅವಳನ್ನೊಮ್ಮೆ, ಕುಳಿಯನ್ನೊಮ್ಮೆ ನೋಡಿದರು. "ಬುಧವಾರ. ಬುಧವಾರ ಕಂಬ ಹೋಗತ್ತೆ," ಅಂದರು. "ಮೊಟ್ಟೆ ಕಾಯೋದು ಗಂಡಾ? ಮಾಕಾ ಖಬರ್ ನಾಸ್ಲಿ." ತನಗೆ ಗೊತ್ತೇ ಇರಲಿಲ್ಲ ಎಂದು ನಗುತ್ತ ಹೋದರು.

ಬುಧವಾರ

ಎರಡು ದಿನ ನಾವು ಕುಳಿಯಿಂದ ಕುಳಿಗೆ ಹರಿದಾಡಿದೆವು. ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ತಾಸು ಮುಂದೆ ಸರಿಯುತ್ತಿತ್ತು, ನಮ್ಮ ಊಟ-ನಿದ್ದೆಯೂ ಅದರ ಜೊತೆಗೇ ಸರಿಯಿತು. ವಿಜಯಪುರದಲ್ಲಿ ಗಡಿಯಾರ ನೋಡಿ ಬದುಕುತ್ತೇವೆ. ಇಲ್ಲಿ ದೋಣಿಯವರಿಂದ ಹಿಡಿದು ನಮ್ಮವರೆಗೆ ಎಲ್ಲರೂ ನೀರನ್ನು ಕೇಳಿ ಏಳುತ್ತಾರೆ. ಕೆಳಗಿನ ಮೊದಲ ಹೊಂಡದ ರಾಡಿ ಅಲೆಗೆ ಸ್ವಲ್ಪ ಸ್ವಲ್ಪ ಕರಗಿ, ಅಂಚಿನ ಕಲ್ಲು ಕಾಣತೊಡಗಿತ್ತು. ಅದರ ಮೇಲೆ ಉಗುರಿನಿಂದ ಕೆರೆದರೆ ಬರುವಷ್ಟು ಹಸಿರೂ ಇತ್ತು. ಅದಕ್ಕೂ ಆಚೆ, ಯಂತ್ರ ಬಂಡೆಯ ಅಂಚನ್ನೇ ಒಡೆದು ತೆಗೆದ ಕಡೆ, ಏನೂ ಇರಲಿಲ್ಲ. ಅಲ್ಲಿ ಹೊಂಡವಿಲ್ಲ, ಬಿರುಕಿಲ್ಲ, ಮೀನು ತಿರುಗಿ ಬಂದರೂ ಕೂರಲು ಜಾಗವಿಲ್ಲ.

"ರಾಡಿ ತಡಕೋತಾವ ಮೇಡಂ," ಎಂದಳು ಶಬಾನಾ. "ಕಲ್ಲ ಒಡದ್ರ ತಡಕೊಳ್ಳಂಗಿಲ್ಲ. ಇದ ಬರೀತೀನಿ ನಾ." ಅವಳ ಪ್ರಾಜೆಕ್ಟು ಅಲ್ಲಿ ಮತ್ತೆ ಎದ್ದು ನಿಂತಿತು. ನನ್ನ ಸಹಾಯ ಬೇಕಾಗಲಿಲ್ಲ.

ಬುಧವಾರ ಮುಂಜಾನೆ ನಾನು ಗೆದ್ದವಳ ಹಾಗೆ ಹೋಗಿ ಮಲಗಿ ಬ್ಯಾಟರಿ ಬಿಟ್ಟೆ. ಮೊಟ್ಟೆ ಇದ್ದವು. ಅಷ್ಟೂ. ಬೆಳ್ಳಿ ಕಣ್ಣುಗಳೆಲ್ಲ ನನ್ನನ್ನೇ ನೋಡಿದವು.

ಸಾಂತಾನ್ ಬಂದು ಕೈಗಡಿಯಾರ ತೋರಿಸಿದರು. ನಾನು ಲೆಕ್ಕ ತಪ್ಪಿದೆ ಎಂದು ಒಪ್ಪಿಕೊಂಡೆ. ಇಪ್ಪತ್ತಾರು ವರ್ಷದಲ್ಲಿ ತಪ್ಪು ಒಪ್ಪಿದ್ದು ಬಹಳ ಸಲ ಇಲ್ಲ. ಅವರು ಬೇಜಾರಿನಿಂದಲೇ, "ಮೇಡಂ, ನನ್ನ ಮೇಲೆ ಒಬ್ಬ ಇದ್ದಾನೆ," ಅಂದರು.

ಆ ದಿನ ದಾದಾಪೀರ್ ಕೆಲಸ ಮಾಡಿದ ರೀತಿ ನಾನು ಮರೆಯಲಾರೆ. ಉಳಿದ ಕಂಬಗಳನ್ನು ಒಂದೊಂದಾಗಿ ಇಳಿಸಿದರು. ಮೊದಲು ಕುಳಿಯ ಮೀನನ್ನು ಶಬಾನಾ ಹಿಡಿದು ಬೇರೆ ಹೊಂಡಕ್ಕೆ ಬಿಡುವವರೆಗೆ ನಿಂತರು. ಆಮೇಲೆ ದಾರದ ತುದಿಯ ಗುಂಡು ಇಳಿಬಿಟ್ಟು ಕಂಬ ನೆಟ್ಟಗಿದೆಯಾ ನೋಡಿದರು, ಇನ್ನೊಮ್ಮೆ ನೋಡಿದರು, ಕಣ್ಣಳತೆಗೆ ಸರಿಬರದೆ ಮತ್ತೆ ಎತ್ತಿಸಿದರು. ಮೈಗಳ್ಳತನದ ನಿಧಾನವಲ್ಲ ಅದು; ಆ ಕಂಬಗಳಷ್ಟು ನೆಟ್ಟಗಿನ ಕಂಬ ಗೋವಾದ ಯಾವ ಧಕ್ಕೆಯಲ್ಲೂ ಇರಲಿಕ್ಕಿಲ್ಲ. ನಾಲ್ಕನೆಯ ಕುಳಿ ಒಂದೇ ಉಳಿದಾಗ ನೀರು ತಿರುಗಿತ್ತು. ಮೊದಲ ಅಲೆ ಬಂದು ಕುಳಿಯ ಬಾಯಿ ನೆಕ್ಕಿತು.

"ನೀರ ಬಂತ್ರಿ ಸಾಬ," ಎಂದರು ದಾದಾಪೀರ್. "ಈಗ ಸಿಮೆಂಟ ನಿಲ್ಲಂಗಿಲ್ಲ."

ಸಾಂತಾನ್ ಸಮುದ್ರವನ್ನು ನೋಡಿದರು, ದಾದಾಪೀರರನ್ನು ನೋಡಿದರು. ಅವರೇನು ದಡ್ಡರಲ್ಲ. "ಭರ್ತಿ ಬಂತು, ಏನು ಮಾಡೋದು," ಎಂದು ಉಬ್ಬರದ ಮೇಲೆ ಹಾಕಿ, ಟೋಪಿ ಸರಿಮಾಡಿಕೊಂಡು ಹೊರಟರು.

ಗುರುವಾರ

ಗೋಡೆಯ ಮೇಲೆ ಖಾಲಿ ಸಿಪ್ಪೆಗಳು. ಈರುಳ್ಳಿ ಪೊರೆಯಷ್ಟು ತೆಳ್ಳಗೆ, ಸಾಲುಸಾಲಾಗಿ, ಒಳಗೆ ಯಾರೂ ಇಲ್ಲ. ಯಾವುದೋ ಮೀನು ತಿಂದಿದ್ದರೆ ಸಿಪ್ಪೆ ಉಳಿಯುತ್ತಿರಲಿಲ್ಲ. ಹಿಂದಿನ ಸಂಜೆಯ ನೀರಿನಲ್ಲಿ ಒಡೆದು, ನೀರು ಇಳಿಯುವಾಗ ಅದರ ಜೊತೆ ಹೊರಟುಹೋಗಿದ್ದವು.

ಮೊದಲು ಕೂಗಿದವರು ಸಾಂತಾನ್. "ಗೆಲೆಂ! ಗೆಲೆಂ!" ಹೋದವು, ಹೋದವು ಎಂದು ಕೈಯಿಂದ ಸಮುದ್ರ ತೋರಿಸಿದರು. ಕೂಲಿಗಳೆಲ್ಲ ಸಾಲಾಗಿ ಬಂದು ಒಬ್ಬೊಬ್ಬರೇ ಬಗ್ಗಿ ಖಾಲಿ ಕುಳಿ ನೋಡಿ ಹೋದರು.

ಪೂರಾ ಖಾಲಿಯಲ್ಲ. ಅಪ್ಪ ಮೀನು ಇನ್ನೂ ಕೂತಿತ್ತು. ಶಬಾನಾ ಬೆರಳು ಹಾಕಿದರೆ ಕಚ್ಚಿತು. ದಾದಾಪೀರ್ ತಮ್ಮ ಅಗಲವಾದ ಕೈ ಇಳಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ಮುಷ್ಟಿ ಮಾಡಿ ಮೇಲೆ ತಂದರು. ಅಂಗೈಯಲ್ಲಿ ಅದು ಒಂದು ಗಳಿಗೆ ಸುಮ್ಮನೆ ಮಲಗಿ ಅವರನ್ನು ನೋಡಿತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಮೂವತ್ತು ಹೆಜ್ಜೆ ಆಚೆಯ, ಹಸಿರು ಚಲೋ ಇದ್ದ ಒಂದು ಹೊಂಡಕ್ಕೆ ಬಿಟ್ಟೆವು. ಆಮೇಲೆ ಕಂಬ ಇಳಿಯಿತು, ಸಿಮೆಂಟು ಬಿತ್ತು. ಸಿಮೆಂಟಿನ ನೀರು ಮೀನಿಗೆ ವಿಷ ಎಂದು ನಾನು ಹೇಳಿದ್ದಕ್ಕೆ ದಾದಾಪೀರ್ ಉಳಿದವುಗಳಂತೆ ಇದರ ಬುಡಕ್ಕೂ ಪ್ಲಾಸ್ಟಿಕ್ ಸುತ್ತಿ ಗೋಣಿಚೀಲ ಬಿಗಿದರು.

ಶುಕ್ರವಾರ

ನನ್ನ ರೈಲು ಮಧ್ಯಾಹ್ನ. ನೀರು ಇಳಿದ ಮೇಲೆ ಕೊನೆಯ ಸಲ ಎಣಿಸಲು ಮೂವರೂ ಹೋದೆವು. ಅಪ್ಪ ಮಗಳು ಜೊತೆಗೇ ನಡೆದರು. ಯಾವ ಕಂಬ ಎಷ್ಟು ಆಳ ಹೋಗಿದೆ ಎಂದು ಅವರು ಹೇಳುತ್ತಿದ್ದರು, ಅವಳು ಕೇಳುತ್ತಿದ್ದಳು.

ಹಸಿರು ಹೊಂಡದಲ್ಲಿ ಕೇಸರಿ ಚುಕ್ಕೆಯ ಮೀನು ಇರಲಿಲ್ಲ. ಶಬಾನಾ ಎರಡು ಸಲ ಹುಡುಕಿ ಎದ್ದಳು. ನಾನು ಏನಾದರೂ ಧೈರ್ಯದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಕಂಬದ ಸಾಲಿನ ಬಳಿ ನಿಂತಿದ್ದ ದಾದಾಪೀರ್ ಕೈಯೆತ್ತಿ ಕರೆದರು.

ನಾಲ್ಕನೆಯ ಕಂಬದಿಂದ ಎರಡು ಮಾರು ಕೆಳಗೆ ಮುರಕಲ್ಲಿನಲ್ಲಿ ಒಂದು ಬಿರುಕು. ಬೆರಳು ಹೋಗುವಷ್ಟು. ಅದರೊಳಗಿಂದ ಮೊಂಡು ಮೂತಿಯೊಂದು ಹೊರಗೆ ನೋಡುತ್ತಿತ್ತು. ಅಲೆಯೊಂದು ಬಂದು ಹೋಯಿತು, ಮೀನು ಅರ್ಧ ಹೊರಬಂದು ಕಲ್ಲನ್ನು ಕೆರೆದು ತಿಂದಿತು. ಬೆನ್ನಿನ ರೆಕ್ಕೆಯ ಬುಡದಲ್ಲಿ ಕೇಸರಿ. ಮೂವತ್ತು ಹೆಜ್ಜೆ ದಾಟಿ ಹುಡುಕಿಕೊಂಡು ಬಂದಿತ್ತು.

ಮೂವರೂ ಬಿರುಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆವು. ಶಬಾನಾಳ ಕೈಯಲ್ಲಿ ಪೆನ್ಸಿಲ್ ಇತ್ತು, ಬರೆಯುತ್ತಿರಲಿಲ್ಲ.

"ಬರಕೋ," ಎಂದರು ದಾದಾಪೀರ್.

"ಏನಂತ ಬರೀಲಿ ಅಬ್ಬಾ?"

"ಬಂದೈತಿ ಅಂತ ಬರಿ."